ಹಳಿ ಕಿತ್ತ ಹಾದಿಯಲ್ಲಿ ಅಬರ್‌ವ್ಯಾನ್

ಬ್ರೆಕನ್‌ನಿಂದ ಕಾರ್ಡಿಫ್‌ಗೆ 55 ಮೈಲಿಯ ಟ್ಯಾಫ್ ಹಾದಿ. ಎರಡೇ ದಿನದಲ್ಲಿ ಮುಗಿಸುವ ಹಟದಿಂದ ಸೈಕಲ್ ಹತ್ತಿದ್ದೆ. ಮೊದಲ ದಿನ ಪೂರ್ತಿ ಮಳೆ. ನೆನಪಿರುವುದು ಒದ್ದೆ ಕಾಲುಚೀಲ ಮಾತ್ರ.

ಮರುದಿನ ಕೆವೆನ್ ಕೋಯ್ಡ್ ಸೇತುವೆಯ ಮೇಲೆ ಬಿಸಿಲು ಬಿತ್ತು. 1866ರಲ್ಲಿ ರೈಲಿಗಾಗಿ ಕಟ್ಟಿದ 15 ಕಮಾನುಗಳು. ಈಗ ಹಳಿಯಿಲ್ಲ, ಸೈಕಲ್ಲು, ನಾಯಿ, ಮಕ್ಕಳ ಗಾಡಿ. ಕೆಳಗಿಳಿದು ನೋಡಿದೆ. ಕಂಬಗಳು ಕಲ್ಲಿನವು, ಕಮಾನಿನ ಹೊಟ್ಟೆ ಇಟ್ಟಿಗೆಯದು. ಕಲ್ಲುಕುಟಿಗರು ಮುಷ್ಕರ ಹೂಡಿದಾಗ ಇಟ್ಟಿಗೆ ತರಿಸಿ ಕೆಲಸ ಪೂರೈಸಿದ್ದರು. ಕೂಲಿಯವರ ಸಿಟ್ಟು ನೂರೈವತ್ತು ವರ್ಷದ ಮೇಲೂ ಗೋಡೆಯಲ್ಲಿ ಕಾಣುತ್ತದೆಂದರೆ ನನಗೆ ಸಂತೋಷವೇ.

ಕಡಿದಾದ ಏರು ರೈಲಿಗಾಗದು. ಹಾಗಾಗಿ ಹಳಿ ಹಾಸಿದ್ದಲ್ಲೆಲ್ಲ ಹಾದಿ ಸಲೀಸು. ಮರ್ಥರ್ ದಾಟಿದ ಮೇಲೆ ಇಕ್ಕೆಲದಲ್ಲೂ ದಟ್ಟ ಹಸಿರು. ಕಲ್ಲಿದ್ದಲಿನ ಕಣಿವೆ ಇದೆಂದರೆ ಯಾರೂ ನಂಬರು. ಅಬರ್‌ವ್ಯಾನ್ ಎಂಬ ಫಲಕ ಬಂತು. ಮುಂದಿದ್ದವರು ಗಂಟೆ ಬಾರಿಸುತ್ತ ಹೊರಟೇಹೋದರು. ನನ್ನಿಂದಾಗಲಿಲ್ಲ. ಇಳಿದು, ಸೈಕಲ್ ತಳ್ಳಿಕೊಂಡು ಗುಡ್ಡದ ಸ್ಮಶಾನಕ್ಕೆ ನಡೆದೆ.

1966ರ ಅಕ್ಟೋಬರ್ 21, ಶುಕ್ರವಾರ. ಮಧ್ಯಾಹ್ನದಿಂದ ಮಕ್ಕಳಿಗೆ ರಜೆ. ಬೆಳಿಗ್ಗೆ 9.15ರ ಸುಮಾರಿಗೆ, ಗುಡ್ಡದ ಮೇಲೆ ಗಣಿಯವರು ಸುರಿದಿದ್ದ ಕಸದ ಏಳನೆಯ ರಾಶಿ ಕುಸಿಯಿತು. ಅದನ್ನು ಸುರಿದದ್ದೇ ನೀರಿನ ಒರತೆಯ ಮೇಲೆ. ರೈಲು ನಿಂತುಹೋಗಿದ್ದ ಹಳೆಯ ಏರಿಯನ್ನು ದಾಟಿ ಬಂದ ಕರಿ ಕೆಸರು ಪಾಂಟ್‌ಗ್ಲಾಸ್ ಶಾಲೆಯನ್ನು ಹೂತುಹಾಕಿತು. ಸತ್ತವರು 144 ಮಂದಿ. ಅವರಲ್ಲಿ 116 ಮಕ್ಕಳು.

ತಪ್ಪು ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯದೆಂದು ವಿಚಾರಣೆ ಹೇಳಿತು. ಒಬ್ಬರ ಕೆಲಸವೂ ಹೋಗಲಿಲ್ಲ. ಉಳಿದ ರಾಶಿಗಳನ್ನು ತೆಗೆಸುವ ಖರ್ಚಿಗೆಂದು, ಸಂತ್ರಸ್ತರಿಗಾಗಿ ಜನ ಕೊಟ್ಟ ನಿಧಿಯಿಂದಲೇ 1,50,000 ಪೌಂಡ್ ತೆಗೆದುಕೊಂಡರು. ಹಿಂದಿರುಗಿಸಿದ್ದು 1997ರಲ್ಲಿ, ಬಡ್ಡಿಯಿಲ್ಲದೆ. ಮಕ್ಕಳನ್ನು ಕಳಕೊಂಡವರ ಕೈಯಿಂದಲೇ ಕಸ ಎತ್ತಿಸಿದ ಕೂಲಿ ಕೊಡಿಸಿದರಲ್ಲ! ನೆನೆದಾಗಲೆಲ್ಲ ಮೈ ಉರಿಯುತ್ತದೆ.

ಗುಡ್ಡದ ಓರೆಯಲ್ಲಿ ಗೋರಿಗಳ ಮೇಲೆ ಎರಡು ಸಾಲು ಬಿಳಿಗಲ್ಲಿನ ಕಮಾನುಗಳು. ಬೆಳಿಗ್ಗೆ ಕಂಡವು ರೈಲನ್ನೇ ಹೊರುವಂಥವು; ಇವು ನನಗಿಂತ ತುಸುವೇ ಎತ್ತರ. ಕೆಳಗೆ ಹೆಸರು, ವಯಸ್ಸು. ಎಂಟು. ಒಂಬತ್ತು. ಹತ್ತು. ಮತ್ತೆ ಎಂಟು. ಒಂದರ ಬುಡದಲ್ಲಿ ಬಣ್ಣ ಹೋದ ಆಟಿಕೆ ಕಾರು, ಅದರೊಳಗೆ ಮಳೆನೀರು.

ವಯಸ್ಸಾದ ಹೆಂಗಸೊಬ್ಬರು ಮಂಡಿಯೂರಿ, ಒದ್ದೆ ಬಟ್ಟೆಯಿಂದ ಅಕ್ಷರಗಳ ಸಂದಿನ ಪಾಚಿ ತೆಗೆಯುತ್ತಿದ್ದರು. ಬೆರಳಿಗೆ ಬಟ್ಟೆ ಸುತ್ತಿ, ಒಂದೊಂದೇ ಅಕ್ಷರ. ನಿಮ್ಮವರಾ ಎಂದು ಕೇಳಲು ಬಾಯಿ ಬರಲಿಲ್ಲ. ಅವರೇ ತಲೆಯೆತ್ತಿ, ‘ಕಾರ್ಡಿಫ್‌ಗಾ?’ ಎಂದರು. ಹೌದೆಂದೆ. ‘ಹೊತ್ತಿದ್ದರೆ ಆ ನಲ್ಲಿಯಿಂದ ಒಂದಿಷ್ಟು ನೀರು ತಂದುಕೊಡಪ್ಪ. ಮಂಡಿ ನೋವು.’

ತಂದುಕೊಟ್ಟೆ. ಬಟ್ಟೆ ಅದ್ದಿ ಹಿಂಡಿ, ಅವರು ಪಕ್ಕದ ಕಲ್ಲಿಗೆ ಸರಿದರು. ನೀರು ಕಪ್ಪಗಾದಾಗ ಮತ್ತೊಂದು ಬಕೆಟ್ ತಂದೆ.