ನಿಧನವಾರ್ತೆಯಲ್ಲಿ ಮರಣದ ಕಾರಣ ಬೇಕೆ?

ನಿವೃತ್ತರಾದವರು ದಿನಪತ್ರಿಕೆಯನ್ನು ನಿಧನವಾರ್ತೆಯಿಂದ ಓದಲು ತೊಡಗುತ್ತಾರೆಂದು ಕಿರಿಯರು ನಗೆಯಾಡುವುದುಂಟು. ಆ ಮಾತಿನಲ್ಲಿ ಸುಳ್ಳಿಲ್ಲ. ಅರುವತ್ತು ದಾಟಿದ ಮೇಲೆ ಆ ಅಂಕಣದಲ್ಲಿ ಪರಿಚಿತ ಮುಖಗಳು ಹೆಚ್ಚುತ್ತಾ ಹೋಗುತ್ತವೆ. ಆದರೆ ಜೀವಮಾನವೆಲ್ಲ ಭಾಷೆ ಕಲಿಸಿದ ನನ್ನಂಥವನ ಕಣ್ಣು ಭಾವಚಿತ್ರವನ್ನು ನೋಡಿದ ಮೇಲೆ ಪದಗಳ ಮೇಲೂ ನಿಲ್ಲುತ್ತದೆ. ದೈವಾಧೀನರಾದರು, ಸ್ವರ್ಗಸ್ಥರಾದರು, ಕೈಲಾಸವಾಸಿಗಳಾದರು, ವೈಕುಂಠವಾಸಿಗಳಾದರು, ಲಿಂಗೈಕ್ಯರಾದರು, ಇಹಲೋಕ ತ್ಯಜಿಸಿದರು. ಹೋದವರು ಎಲ್ಲಿಗೆ ಹೋದರೆಂದು ಹೇಳಲು ಕನ್ನಡದಲ್ಲಿ ಇಷ್ಟೊಂದು ಮಾತುಗಳಿವೆ. ಯಾವುದರಿಂದ ಹೋದರೆಂದು ಹೇಳಲು ಮಾತ್ರ ಪತ್ರಿಕೆಯಲ್ಲಿ ಬಳಕೆಯಾಗುವ ನುಡಿಗಟ್ಟುಗಳು ಬೆರಳೆಣಿಕೆಯವು: ‘ಅಲ್ಪಕಾಲದ ಅಸೌಖ್ಯ’, ‘ದೀರ್ಘಕಾಲದ ಅನಾರೋಗ್ಯ’, ‘ವಯೋಸಹಜ ಕಾಯಿಲೆ’, ‘ಆಕಸ್ಮಿಕ ನಿಧನ’.

ಓದುಗರೇನೂ ದಡ್ಡರಲ್ಲ. ದೀರ್ಘಕಾಲದ ಅನಾರೋಗ್ಯವೆಂದರೆ ಕ್ಯಾನ್ಸರ್ ಇರಬೇಕೆಂದು ಊಹಿಸುತ್ತಾರೆ. ಭಾವಚಿತ್ರದಲ್ಲಿ ಎಳೆಯ ಮುಖವಿದ್ದು ಕೆಳಗೆ ‘ಆಕಸ್ಮಿಕ’ ಎಂದಿದ್ದರೆ ತಮ್ಮೊಳಗೇ ಮತ್ತೊಂದು ಕಥೆ ಕಟ್ಟುತ್ತಾರೆ. ವಾಟ್ಸ್ಯಾಪ್ ಗುಂಪಿನಲ್ಲಿ ಸುದ್ದಿ ಬಂದೊಡನೆ ನಲವತ್ತು ಜನ ‘ಓಂ ಶಾಂತಿ’ ಎಂದು ಬರೆಯುತ್ತಾರೆ. ಅವರಲ್ಲಿ ಹತ್ತು ಮಂದಿಯಾದರೂ ಗುಂಪಿನಾಚೆ ಒಬ್ಬರನ್ನೊಬ್ಬರು ‘ಏನಾಗಿತ್ತಂತೆ?’ ಎಂದು ಕೇಳಿಕೊಳ್ಳುತ್ತಾರೆ. ಈ ಪ್ರಶ್ನೆಯನ್ನು ಕೆಟ್ಟ ಕುತೂಹಲವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸಾವಿಗೊಂದು ನೆಪವೆಂಬ ಮಾತು ನಮ್ಮಲ್ಲಿದೆ. ಆ ನೆಪ ಯಾವುದೆಂದು ತಿಳಿಯುವವರೆಗೆ ಮನುಷ್ಯನ ಮನಸ್ಸಿಗೆ ಸುದ್ದಿ ಪೂರ್ಣವಾದಂತೆ ಅನ್ನಿಸುವುದಿಲ್ಲ.

ಈ ವಿಚಾರವನ್ನು ಬರೆಯಲು ಒಂದು ಪ್ರಸಂಗ ಕಾರಣವಾಯಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿ ಮಾಡಿ, ತೀರಿಕೊಂಡ ತಮ್ಮ ತಂದೆಯವರ ಬಗ್ಗೆ ಪತ್ರಿಕೆಗೆ ನಾಲ್ಕು ಸಾಲು ಬರೆದುಕೊಡಬೇಕೆಂದು ಕೋರಿದರು. ತಂದೆಯವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತು. ಅದನ್ನು ಬರೆಯಬೇಕೇ ಬೇಡವೇ ಎಂಬುದರಲ್ಲಿ ಅಣ್ಣತಮ್ಮಂದಿರಿಗೆ ಒಮ್ಮತವಿರಲಿಲ್ಲ. ‘ಅಪ್ಪ ಎರಡು ವರ್ಷ ಧೈರ್ಯವಾಗಿ ಎದುರಿಸಿದ್ದನ್ನು ನಾವೇಕೆ ಮುಚ್ಚಿಡಬೇಕು?’ ಎಂದು ತಮ್ಮ. ‘ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ, ಅನಾರೋಗ್ಯವೆಂದರೆ ಸಾಲದೆ?’ ಎಂದು ಅಣ್ಣ. ಇಬ್ಬರ ಮಾತಿನಲ್ಲೂ ಪ್ರೀತಿಯೇ ಇತ್ತು. ನಾನು ಎರಡು ಬಗೆಯಲ್ಲೂ ಬರೆದು ಕಳುಹಿಸಿದೆ. ಅಣ್ಣನ ಇಚ್ಛೆಯಂತೆಯೇ ಅಚ್ಚಾಯಿತು. ಆದರೆ ಆ ಪ್ರಶ್ನೆ ನನ್ನಲ್ಲಿ ಉಳಿಯಿತು.

ಕನ್ನಡಿಗರು ಸಾವಿನ ಕಾರಣವನ್ನು ಎಂದಿನಿಂದಲೂ ಮುಚ್ಚಿಟ್ಟವರೇ? ಹಾಗೇನೂ ಅಲ್ಲ. ನಮ್ಮ ಹಳೆಯ ನಿಧನವಾರ್ತೆಗಳು ಕಲ್ಲಿನ ಮೇಲಿವೆ. ವೀರಗಲ್ಲನ್ನು ನೋಡಿ: ಸತ್ತವನ ಹೆಸರಿನೊಡನೆ ಅವನು ತುರುಗಾಳಗದಲ್ಲಿ ಸತ್ತನೋ, ಊರಳಿವಿನಲ್ಲಿ ಸತ್ತನೋ, ಹುಲಿಯೊಡನೆ ಹೋರಾಡಿ ಸತ್ತನೋ ಎಂಬುದು ಬರಹದಲ್ಲಾಗಲಿ ಶಿಲ್ಪದಲ್ಲಾಗಲಿ ಇರುತ್ತದೆ. ಬೆಂಗಳೂರೆಂಬ ಹೆಸರು ಬಹು ಹಿಂದೆಯೇ ಕಾಣಿಸಿಕೊಳ್ಳುವುದು ಬೇಗೂರಿನಲ್ಲಿರುವ, ಸುಮಾರು 890ರ ಒಂದು ಶಾಸನದಲ್ಲಿ. ಅದು ಬೆಂಗಳೂರು ಕಾಳಗದ ಸಾವಿನ ದಾಖಲೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, ಶಕ ವರ್ಷ 872, ಅಂದರೆ ಕ್ರಿ.ಶ. 949-50ರ ಕಾಲದ್ದು. ಅದರಲ್ಲಿ ಕಾಳಿ ಎಂಬ ಬೇಟೆನಾಯಿಯ ಪ್ರಸಂಗವಿದೆ. ಕಾಡುಹಂದಿಯೊಡನೆ ಸೆಣಸಿ ಹಂದಿಯೂ ನಾಯಿಯೂ ಜೊತೆಯಲ್ಲೇ ಸತ್ತವೆಂದು ಆ ಕಲ್ಲು ಹೇಳುತ್ತದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ನಿಸಿಧಿ ಶಾಸನಗಳು ಇಂಥವರು ಸಲ್ಲೇಖನ ವ್ರತ ಹಿಡಿದು ಮುಡಿಪಿದರೆಂದು ದಾಖಲಿಸುತ್ತವೆ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಕಲ್ಲಿನ ಮೇಲೆ ಕಾರಣ ಬಂದದ್ದು ಆ ಕಾರಣ ಕೀರ್ತಿಕರವೆನಿಸಿದ್ದರಿಂದ. ಜ್ವರದಿಂದ ಸತ್ತವನಿಗೆ, ಹೆರಿಗೆಯಲ್ಲಿ ಸತ್ತವಳಿಗೆ ವೀರಗಲ್ಲು ಏಳಲಿಲ್ಲ. ಹೆಮ್ಮೆಯ ಸಾವನ್ನು ಹೇಳುವುದು, ರೋಗದ ಸಾವನ್ನು ನುಂಗಿಕೊಳ್ಳುವುದು ಎಂಬ ಭೇದ ಅಂದಿನಿಂದಲೂ ಇದ್ದಿರಬೇಕು. ಇಂದಿಗೂ ಗಡಿಯಲ್ಲಿ ಮಡಿದ ಯೋಧನ ಸುದ್ದಿಯಲ್ಲಿ ಕಾರಣ ಮೊದಲ ಸಾಲಿನಲ್ಲೇ ಬರುತ್ತದೆ. ಯಕೃತ್ತಿನ ಕಾಯಿಲೆಯಿಂದ ಸತ್ತವರ ಸುದ್ದಿಯಲ್ಲಿ ಬರುವುದಿಲ್ಲ. ರೋಗವನ್ನು ನಾವು ದೇಹದ ವಿಷಯವೆಂದು ತಿಳಿಯದೆ ನಡತೆಯ ವಿಷಯವೆಂದೋ ಕರ್ಮದ ಫಲವೆಂದೋ ತಿಳಿಯುವುದೇ ಇದರ ಮೂಲ.

ಇದರಿಂದ ಆಗುವ ನಷ್ಟ ನನಗೆ ಮನದಟ್ಟಾದದ್ದು ನಮ್ಮ ಮನೆತನದ ವಂಶವೃಕ್ಷವನ್ನು ಬರೆಯಲು ಕುಳಿತಾಗ. ಆರು ತಲೆಮಾರಿನ ಹೆಸರುಗಳು ದೊರೆತವು. ಗೋತ್ರ, ಊರು, ಸಂಬಂಧಗಳು ದೊರೆತವು. ಎಲ್ಲಕ್ಕಿಂತ ಖಚಿತವಾಗಿ ದೊರೆತದ್ದು ತಿಥಿ. ಯಾರು ಯಾವ ಮಾಸದ, ಯಾವ ಪಕ್ಷದ, ಯಾವ ತಿಥಿಯಂದು ಹೋದರೆಂಬುದನ್ನು ನಮ್ಮ ಹಿರಿಯರು ತಪ್ಪದೆ ಕಾಪಾಡಿಕೊಂಡು ಬಂದಿದ್ದಾರೆ, ಏಕೆಂದರೆ ಶ್ರಾದ್ಧಕ್ಕೆ ಅದು ಬೇಕು. ಕಾರಣವನ್ನು ಕೇಳಿದಾಗ ಮಾತ್ರ ‘ಎದೆ ಹಿಡಿದುಕೊಂಡು ಕುಳಿತರಂತೆ, ಅಷ್ಟೇ’, ‘ಹೊಟ್ಟೆಶೂಲೆಯಂತೆ’, ‘ಗಾಳಿ ಸೋಕಿತಂತೆ’ ಎಂಬ ಉತ್ತರಗಳು. ತಿಥಿಯನ್ನು ನೂರು ವರ್ಷ ಉಳಿಸಿಕೊಂಡ ಮನೆತನ ಕಾರಣವನ್ನು ಒಂದೇ ತಲೆಮಾರಿನಲ್ಲಿ ಕಳೆದುಕೊಂಡಿತ್ತು.

ಅದಾದ ಕೆಲವು ಕಾಲಕ್ಕೆ ನಮ್ಮ ಬಂಧುಗಳಲ್ಲೊಬ್ಬ, ಇನ್ನೂ 42ರ ಪ್ರಾಯದವನು, ಎದೆನೋವೆಂದು ಆಸ್ಪತ್ರೆ ಸೇರಿದ. ವೈದ್ಯರು ಕೇಳಿದ ಮೊದಲ ಪ್ರಶ್ನೆಗಳಲ್ಲೊಂದು: ‘ನಿಮ್ಮ ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ಕಾಯಿಲೆ ಬಂದವರಿದ್ದಾರೆಯೆ?’ ತಂದೆಗೋ ಸೋದರನಿಗೋ 55ಕ್ಕೆ ಮೊದಲು, ತಾಯಿಗೋ ಸೋದರಿಗೋ 65ಕ್ಕೆ ಮೊದಲು ಹೃದ್ರೋಗ ಬಂದಿದ್ದರೆ ಉಳಿದವರೂ ಎಚ್ಚರವಾಗಿರಬೇಕೆಂಬುದು ವೈದ್ಯಶಾಸ್ತ್ರದ ಸಾಮಾನ್ಯ ತಿಳಿವಳಿಕೆ. ಅವನ ತಂದೆ ಐವತ್ತಕ್ಕೆ ಮುಂಚೆಯೇ ತೀರಿಕೊಂಡಿದ್ದರು. ಪತ್ರಿಕೆಯಲ್ಲಿ ‘ದೈವಾಧೀನರಾದರು’ ಎಂದು ಅಚ್ಚಾಗಿತ್ತು. ಮನೆಯಲ್ಲಿಯೂ ಅಷ್ಟೇ ಉಳಿದಿತ್ತು. ವೈದ್ಯರ ಪ್ರಶ್ನೆಗೆ ಅಲ್ಲಿದ್ದ ಯಾರಲ್ಲಿಯೂ ಉತ್ತರವಿರಲಿಲ್ಲ. ದೇವರ ದಯೆಯಿಂದ ಅವನು ಗುಣವಾಗಿ ಮನೆಗೆ ಬಂದ.

ಸರಕಾರದ ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆಂದು ನೋಡಿದರೆ, ಅಲ್ಲಿಯೂ ಹೇಳುವುದಕ್ಕೂ ಮರೆಮಾಡುವುದಕ್ಕೂ ನಡುವೆ ಒಂದು ಗೆರೆಯಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಮರಣದ ಕಾರಣ ನೋಂದಣಿ ಪುಸ್ತಕದಲ್ಲಿ ದಾಖಲಾಗಬೇಕು; ಆದರೆ ಕೇಳಿದವರಿಗೆ ಕೊಡುವ ಮರಣ ಪ್ರಮಾಣಪತ್ರದಲ್ಲಿ ಅದನ್ನು ಕಾಣಿಸುವುದಿಲ್ಲ. 2023ರ ತಿದ್ದುಪಡಿಯಲ್ಲಿ ಮತ್ತೊಂದು ಒಳ್ಳೆಯ ಅಂಶ ಸೇರಿತು: ಆಸ್ಪತ್ರೆಯಲ್ಲಿ ಮರಣ ಸಂಭವಿಸಿದರೆ, ಕಾರಣವನ್ನೂ ಕಾಯಿಲೆಯ ಹಿನ್ನೆಲೆಯನ್ನೂ ಬರೆದ ವೈದ್ಯರ ಪತ್ರದ ಪ್ರತಿಯನ್ನು ಹತ್ತಿರದ ಬಂಧುವಿಗೆ ಕೊಡಬೇಕು. ಅಂದರೆ ಲೋಕಕ್ಕೆ ಹೇಳಬೇಕಾಗಿಲ್ಲ, ಮನೆಯವರಿಗೆ ಹೇಳಲೇಬೇಕು. ಆದರೂ 2020ರಲ್ಲಿ ದೇಶದಲ್ಲಿ ನೋಂದಣಿಯಾದ ಮರಣಗಳಲ್ಲಿ ವೈದ್ಯರ ಪ್ರಮಾಣವಿದ್ದದ್ದು ಶೇಕಡಾ 22.5ಕ್ಕೆ ಮಾತ್ರ. ಆ ಪತ್ರವನ್ನು ತುಂಬುವ ವೈದ್ಯರಿಗೆ ‘ಹೃದಯ ನಿಂತಿತು’ ಎಂದಷ್ಟೇ ಬರೆಯಬಾರದೆಂಬ ಸೂಚನೆಯೂ ಇದೆ. ಕೊನೆಗೆ ಎಲ್ಲರ ಹೃದಯವೂ ನಿಲ್ಲುವುದೇ. ಅದನ್ನು ನಿಲ್ಲಿಸಿದ್ದು ಯಾವುದೆಂಬುದೇ ಕಾರಣ.

ಕೋವಿಡ್ ಕಾಲದಲ್ಲಿ ಈ ಒಂದು ಪದದ ಬೆಲೆ ಎಲ್ಲರಿಗೂ ತಿಳಿಯಿತು. ಮೊದಲ ಅಲೆಯಲ್ಲಿ ನೆರೆಹೊರೆಯವರು ದೂರವಿಡುವರೆಂಬ ಭಯದಿಂದ ಅನೇಕರು ಕಾರಣವನ್ನು ಬಾಯಿಬಿಡಲಿಲ್ಲ. 2021ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ತರುವಾಯ ಮೃತರ ಕುಟುಂಬಕ್ಕೆ 50,000 ರೂಪಾಯಿ ಪರಿಹಾರ ನಿಗದಿಯಾದಾಗ, ಸಾವು ಕೋವಿಡ್‌ನಿಂದಲೇ ಆಯಿತೆಂಬ ಕಾಗದ ಬೇಕೆಂದು ಮನೆಯವರು ಕಚೇರಿಗಳಿಗೆ ಅಲೆಯಬೇಕಾಯಿತು.

ಬಾಯಿಬಿಟ್ಟು ಹೇಳಿದಾಗ ಆಗುವ ಒಳಿತಿಗೂ ಉದಾಹರಣೆಯಿದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಹೃದಯದ ತೊಂದರೆಯಿಂದ ಹಠಾತ್ತನೆ ತೀರಿಕೊಂಡರು. ಕಾರಣ ಅಂದೇ ನಾಡಿಗೆಲ್ಲ ತಿಳಿಯಿತು. ಮುಂದಿನ ದಿನಗಳಲ್ಲಿ ಬೆಂಗಳೂರಿನ ಆಸ್ಪತ್ರೆಗಳಲ್ಲಿ ಹೃದಯ ತಪಾಸಣೆಗೆ ಜನ ಸಾಲುಗಟ್ಟಿ ನಿಂತರು. ಅವರ ನೇತ್ರದಾನದ ಸುದ್ದಿ ಕೇಳಿ ಕಣ್ಣುಗಳನ್ನು ದಾನ ಮಾಡಲು ಹೆಸರು ಬರೆಸಿದವರೂ ಬಹಳ. ಗಿರೀಶ ಕಾರ್ನಾಡರು 2018ರಲ್ಲಿ ಮೂಗಿಗೆ ಆಮ್ಲಜನಕದ ನಳಿಕೆ ಧರಿಸಿಯೇ ಸಭೆಗಳಿಗೆ ಬರುತ್ತಿದ್ದರು. 2019ರ ಜೂನ್‌ನಲ್ಲಿ ಅವರು ನಿಧನರಾದಾಗ ಯಾರೂ ಪಿಸುಗುಟ್ಟಬೇಕಾಗಲಿಲ್ಲ. ಬದುಕಿರುವಾಗಲೇ ಅವರು ಕಾಯಿಲೆಯನ್ನು ಸಂಕೋಚದ ವಸ್ತುವಾಗಿ ಉಳಿಸಿರಲಿಲ್ಲ.

ಹಾಗೆಂದು ಎಲ್ಲವನ್ನೂ ಎಲ್ಲರಿಗೂ ಹೇಳಿಬಿಡಬೇಕೆಂದು ನಾನು ವಾದಿಸುವುದಿಲ್ಲ. ಎಚ್.ಐ.ವಿ. ಸೋಂಕಿನ ವಿಷಯವನ್ನು ಒಪ್ಪಿಗೆಯಿಲ್ಲದೆ ಹೊರಗೆಡಹಬಾರದೆಂದು 2017ರ ಕಾಯ್ದೆ ಹೇಳುತ್ತದೆ. ಹೋದವರು ಹೋದರು, ಅದೇ ಊರಿನಲ್ಲಿ ಬಾಳಬೇಕಾದ ಹೆಂಡತಿ ಮಕ್ಕಳಿರುತ್ತಾರೆ. ಅವರ ಮೌನವನ್ನು ಕೆದಕುವ ಹಕ್ಕು ಯಾರಿಗೂ ಇಲ್ಲ.

ಇನ್ನು ಆತ್ಮಹತ್ಯೆಯ ವಿಷಯ. ಹತ್ತನೆಯ ತರಗತಿಗೆ ಪಾಠ ಹೇಳಿದ ಪ್ರತಿಯೊಬ್ಬ ಉಪಾಧ್ಯಾಯನಿಗೂ ಫಲಿತಾಂಶದ ವಾರವೆಂದರೆ ಒಳಗೊಳಗೇ ಅಂಜಿಕೆ. ಒಂದು ವರ್ಷ ನಾವೂ ಒಬ್ಬ ಹುಡುಗನನ್ನು ಕಳೆದುಕೊಂಡೆವು. ಪತ್ರಿಕೆಯಲ್ಲಿ ‘ಆಕಸ್ಮಿಕ’ ಎಂದು ಬಂತು. ಊರಿನಲ್ಲಿ ಮೂರು ಕಥೆಗಳು ಹುಟ್ಟಿದವು. ಮೂರರಲ್ಲಿಯೂ ಆ ತಾಯಿತಂದೆಯರೇ ಅಪರಾಧಿಗಳು. ಅವನ ಸಹಪಾಠಿಗಳು ಯಾರನ್ನು ಕೇಳಬೇಕೆಂದು ತಿಳಿಯದೆ ತಮ್ಮತಮ್ಮಲ್ಲೇ ಗುಸುಗುಸು ಮಾಡಿಕೊಂಡಿದ್ದರು. ಕೊನೆಗೆ ನಾವು ಕೆಲವು ಉಪಾಧ್ಯಾಯರು, ಅವನ ತಂದೆಯ ಒಪ್ಪಿಗೆ ಪಡೆದು, ಆ ಮಕ್ಕಳನ್ನು ಕೂರಿಸಿಕೊಂಡು ಇದ್ದದ್ದನ್ನು ಇದ್ದಂತೆ ಹೇಳಿದೆವು: ಅವನು ತಾನೇ ಪ್ರಾಣ ಕಳೆದುಕೊಂಡ, ಆ ನೋವನ್ನು ಯಾರಿಗಾದರೂ ಹೇಳಿಕೊಂಡಿದ್ದರೆ ಸಹಾಯ ಮಾಡಲು ಸಾಧ್ಯವಿತ್ತು, ನಿಮಗೆ ಅಂಥ ಯೋಚನೆ ಬಂದರೆ ರಾತ್ರಿಯಾದರೂ ಸರಿ, ನಮ್ಮ ಬಾಗಿಲು ತಟ್ಟಿ. ಹೇಗೆ ಎಂಬ ವಿವರಕ್ಕೆ ನಾವು ಹೋಗಲಿಲ್ಲ. ಮುಂದೆ ಪ್ರೆಸ್ ಕೌನ್ಸಿಲ್ ಆಫ್ ಇಂಡಿಯಾ 2019ರಲ್ಲಿ ಪತ್ರಿಕೆಗಳಿಗೆ ನೀಡಿದ ಮಾರ್ಗಸೂಚಿಯಲ್ಲಿಯೂ ಇದೇ ವಿವೇಕವಿದೆ: ವಿಧಾನವನ್ನು ವರ್ಣಿಸಬಾರದು, ಸ್ಥಳದ ವಿವರ ಕೊಡಬಾರದು, ರೋಚಕಗೊಳಿಸಬಾರದು. ಈಗ ಟೆಲಿಮನಸ್ ಎಂಬ ಸರಕಾರಿ ಸಹಾಯವಾಣಿಯಿದೆ. ಸಂಖ್ಯೆ 14416, ಹಗಲಿರುಳೂ ಲಭ್ಯ. ಇದನ್ನು ಓದುತ್ತಿರುವ ಉಪಾಧ್ಯಾಯ ಮಿತ್ರರು ಆ ಸಂಖ್ಯೆಯನ್ನು ತರಗತಿಯ ಗೋಡೆಯ ಮೇಲೆ ಬರೆದಿಡಿ.

ಹೀಗೆ ಯೋಚಿಸುತ್ತಾ ನಾನು ತಲುಪಿದ ನಿಲುವು ಇಷ್ಟು. ಪತ್ರಿಕೆಯ ನಿಧನವಾರ್ತೆ ಬೀದಿಯ ಕಡೆಗೆ ತೆರೆದ ಕಿಟಕಿ. ಅದರಲ್ಲಿ ಕಾರಣ ಹಾಕುವುದೂ ಬಿಡುವುದೂ ಮನೆಯವರ ಇಚ್ಛೆ; ತೀರಿಕೊಂಡವರು ಮೊದಲೇ ಏನಾದರೂ ಹೇಳಿದ್ದರೆ ಅವರ ಇಚ್ಛೆಯೇ ದೊಡ್ಡದು. ಹೇಳುವುದಾದರೆ ಒಂದೇ ಪದ ಸಾಕು. ಎಪ್ಪತ್ತು ವರ್ಷದ ಬಾಳನ್ನು ಕೊನೆಯ ಎರಡು ತಿಂಗಳ ಆಸ್ಪತ್ರೆಯ ವರದಿ ನುಂಗಿಹಾಕಬಾರದು. ಹೇಳದೆ ಇದ್ದರೆ ಓದುಗರು ಊಹಿಸಬಾರದು. ಆದರೆ ಮನೆಯ ಒಳಗೆ ಆ ಕಾರಣ ಕಳೆದುಹೋಗಬಾರದು. ಶ್ರಾದ್ಧದ ತಿಥಿಯನ್ನು ಬರೆದಿಡುವ ಪುಸ್ತಕದಲ್ಲಿಯೇ, ತಿಥಿಯ ಮುಂದೆ, ರೋಗದ ಹೆಸರನ್ನೂ ಅದು ಕಾಣಿಸಿಕೊಂಡ ವಯಸ್ಸನ್ನೂ ಬರೆದಿಡಬೇಕು. ಆ ಅಣ್ಣತಮ್ಮಂದಿರಿಗೂ ಇದನ್ನೇ ಹೇಳಿದೆ. ತಂದೆಗೆ ಕರುಳಿನ ಕ್ಯಾನ್ಸರ್ ಬಂದಿದ್ದರೆ ಮಕ್ಕಳು ಇತರರಿಗಿಂತ ಮೊದಲೇ ತಪಾಸಣೆ ಮಾಡಿಸಿಕೊಳ್ಳಬೇಕೆಂದು ವೈದ್ಯರು ಹೇಳುತ್ತಾರೆ. ಯಾವ ಹುಡುಗಿಯ ಮದುವೆಗೆ ಅಡ್ಡಿಯಾದೀತೆಂದು ಕಾರಣವನ್ನು ಮರೆಮಾಡಿದರೋ, ಆ ಹುಡುಗಿಗೂ ಮುಂದೊಂದು ದಿನ ವೈದ್ಯರ ಎದುರು ಆ ಮಾತು ಬೇಕಾಗಬಹುದು. ಊರಿಗೆ ಹೇಳದಿದ್ದರೆ ಚಿಂತೆಯಿಲ್ಲ, ಅವಳಿಗೆ ಹೇಳಿ ಎಂದೆ. ಅಣ್ಣನೂ ಒಪ್ಪಿದರು.

ನಮ್ಮ ಬಂಧುಗಳಲ್ಲಿ ಇದನ್ನು ಓದುತ್ತಿರುವವರಿಗೆ ಒಂದು ಬಿನ್ನಹ. ವಂಶವೃಕ್ಷದ ಪ್ರತಿ ನಿಮ್ಮೆಲ್ಲರ ಬಳಿ ಇದೆ. ನಿಮಗೆ ತಿಳಿದ ಹಿರಿಯರ ಕಾರಣಗಳನ್ನು, ಖಚಿತವಾಗಿ ತಿಳಿದಿದ್ದರೆ ಮಾತ್ರ, ಅದರಲ್ಲಿ ತುಂಬಿ ಕಳುಹಿಸಿ. ಎಂಬತ್ತು ದಾಟಿದ ಅತ್ತೆಯಂದಿರು, ದೊಡ್ಡಮ್ಮಂದಿರು ಇನ್ನೂ ಇದ್ದಾರೆ, ಈಗಲೇ ಕೇಳಿಕೊಳ್ಳಿ.

ನನ್ನ ವಿಷಯವನ್ನು ಮಕ್ಕಳಿಗೆ ಹೇಳಿದ್ದೇನೆ. ಕಾರಣ ಯಾವುದೇ ಆಗಲಿ, ಅದನ್ನು ಹೆಸರಿಟ್ಟು ಹೇಳಲಿ. ‘ಅಸೌಖ್ಯ’ವೆಂದು ಬರೆಸಿ ನನ್ನ ವಿದ್ಯಾರ್ಥಿಗಳನ್ನು ಊಹೆಗೆ ಬಿಡುವುದು ಬೇಡ. ಒಂದೇ ಷರತ್ತು: ಹೃದಯಾಘಾತವಾದರೆ ‘ಹೃದಯಾಗಾತ’ ಎಂದು ಅಚ್ಚಾಗದಂತೆ ನೋಡಿಕೊಳ್ಳಲಿ. ಮೂವತ್ತು ವರ್ಷಕ್ಕೂ ಮಿಕ್ಕಿ ಮಹಾಪ್ರಾಣವನ್ನು ತಿದ್ದಿದವನ ಪ್ರಾಣ ಹೋದ ಸುದ್ದಿಯಲ್ಲಿಯಾದರೂ ಆ ಅಕ್ಷರ ಉಳಿಯಲಿ.