ಏಳು ಸೆಕೆಂಡಿನ ಅಜ್ಜಿ

ಕುಂದಾಪುರದ ಹತ್ತಿರ ನಮ್ಮ ಅಜ್ಜಿಮನೆಯ ಚಾವಡಿಯಲ್ಲಿ ಅಜ್ಜಿಯ ಪಟವೊಂದಿದೆ. ಗಂಧದ ಚಕ್ಕೆಯ ಹಾರ, ಕೆಳಗೊಂದು ಕೆಂಪು ಬಲ್ಬು. ದೂರದಿಂದ ನೋಡಿದರೆ ಎಲ್ಲರ ಮನೆಯ ಪಟದಂತೆಯೇ ಕಾಣುತ್ತದೆ. ಹತ್ತಿರ ಹೋದರೆ ಮುಖದ ಅಂಚು ಸಣ್ಣ ಸಣ್ಣ ಚೌಕಗಳಾಗಿ ಒಡೆದಿರುವುದು ಗೊತ್ತಾಗುತ್ತದೆ. ಅದು ಸ್ಟುಡಿಯೊದಲ್ಲಿ ತೆಗೆಸಿದ್ದಲ್ಲ, ವಿಡಿಯೊ ಕ್ಯಾಮೆರಾದಲ್ಲಿ ತೆಗೆದದ್ದು. ಗೋಡೆಯ ಮೇಲಿರುವುದು ಆ ಪಟದ ಅರ್ಧ ಮಾತ್ರ. ಇನ್ನರ್ಧ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಕ್ಯಾಸೆಟ್ಟಿನೊಳಗಿದೆ.

ದುಬೈಯಲ್ಲಿದ್ದ ಮಾವ 2001ರ ಮಳೆಗಾಲದಲ್ಲಿ ರಜೆಗೆ ಬಂದಾಗ ಆ ಕ್ಯಾಮೆರಾ ತಂದಿದ್ದರು. ಒಂದೇ ಅಂಗೈಗೆ ಒಗ್ಗುವ ಗಾತ್ರ, ಬದಿಯಲ್ಲಿ ಬಾಗಿಲಿನಂತೆ ತೆರೆಯುವ ಪರದೆ, ಒಳಗೆ ಮಿನಿ ಡಿವಿ ಕ್ಯಾಸೆಟ್. ವಿಡಿಯೊ ತೆಗೆಯುವ ಕೆಂಪು ಗುಂಡಿಯ ಹತ್ತಿರವೇ ‘ಫೋಟೊ’ ಎಂದು ಬರೆದ ಇನ್ನೊಂದು ಗುಂಡಿಯಿತ್ತು. ನಮಗೆ ಆಸೆ ಹುಟ್ಟಿಸಿದ್ದು ಅದು. ರೀಲಿನ ಕ್ಯಾಮೆರಾದಲ್ಲಿ ಮೂವತ್ತಾರು ಫೋಟೊ ಮುಗಿದರೆ ಮುಗಿಯಿತು. ತೊಳೆಸಿ, ಪ್ರಿಂಟು ಹಾಕಿಸಿ ತರುವವರೆಗೆ ಯಾರ ಕಣ್ಣು ಮುಚ್ಚಿದೆಯೆಂದು ತಿಳಿಯುತ್ತಿರಲಿಲ್ಲ. ಇದರಲ್ಲಿ ಅರವತ್ತು ನಿಮಿಷದ ಒಂದು ಟೇಪಿಗೆ ಸುಮಾರು 500 ಫೋಟೊ. ತೆಗೆದ ಕೂಡಲೇ ನೋಡಬಹುದು, ಬೇಡವಾದರೆ ಅದರ ಮೇಲೆಯೇ ಇನ್ನೊಂದು ತೆಗೆಯಬಹುದು.

ಆ ಗುಂಡಿ ಕೆಲಸ ಮಾಡುತ್ತಿದ್ದ ರೀತಿಯನ್ನು ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಮೆಲ್ಲಗೆ ಒತ್ತಿದರೆ ಪರದೆಯ ಮೇಲಿನ ದೃಶ್ಯ ನಿಂತುಬಿಡುತ್ತಿತ್ತು. ಸರಿಯಾಗಿದೆ ಅನಿಸಿದರೆ ಇನ್ನಷ್ಟು ಒತ್ತಬೇಕು. ಆಗ ನಿಂತ ಆ ದೃಶ್ಯ ಸುಮಾರು ಏಳು ಸೆಕೆಂಡು ಟೇಪಿಗೆ ಇಳಿಯುತ್ತಿತ್ತು. ಟೇಪು ಓಡುವ ವಸ್ತು, ಅದಕ್ಕೆ ನಿಲ್ಲುವುದು ಗೊತ್ತಿಲ್ಲ. ಸೆಕೆಂಡಿಗೆ 25 ಚೌಕಟ್ಟಿನ ಲೆಕ್ಕದಲ್ಲಿ ಒಂದೇ ಮುಖವನ್ನು 175 ಸಲ ಬರೆದುಕೊಳ್ಳುತ್ತಿತ್ತು. ಒಂದು ಫೋಟೊಗೆ ಹದಿಮೂರು ಸೆಂಟಿಮೀಟರ್ ಟೇಪು ಬೇಕಾಗುತ್ತಿತ್ತು. ಆ ಏಳು ಸೆಕೆಂಡಿನ ಉದ್ದಕ್ಕೂ ಮೈಕು ಮಾತ್ರ ಎಚ್ಚರವಾಗಿಯೇ ಇರುತ್ತಿತ್ತು. ಚಿತ್ರ ನಿಂತಿರುತ್ತದೆ, ಸದ್ದು ನಡೆಯುತ್ತಿರುತ್ತದೆ.

ಇದು ಮಾವನಿಗೂ ಮೊದಲು ತಿಳಿದಿರಲಿಲ್ಲ. ಏಳು ಸೆಕೆಂಡೂ ಎಲ್ಲರೂ ಅಲುಗಾಡದೆ ನಿಂತಿರಬೇಕು ಎಂದೇ ಅವರು ತಿಳಿದಿದ್ದರು. ಮುಖ ಸಿಕ್ಕಿದ್ದು ಮೊದಲ ಕ್ಷಣದಲ್ಲೇ. ಆದರೂ ನಾವೆಲ್ಲ ಉಸಿರು ಬಿಗಿಹಿಡಿದು, ಮಾವ ‘ಏಳು’ ಎಂದು ಎಣಿಸಿ ಮುಗಿಸುವವರೆಗೆ ಕಂಬಗಳಂತೆ ನಿಲ್ಲುತ್ತಿದ್ದೆವು. ಹಾಗೆ ನಿಂತದ್ದರಿಂದಲೇ ಆ ಫೋಟೊಗಳಲ್ಲಿ ಮನೆಯ ಸದ್ದು ಅಷ್ಟು ಸ್ಪಷ್ಟವಾಗಿ ಉಳಿದುಕೊಂಡಿತು. ಹಂಚಿನ ಮಾಡಿನಿಂದ ಅಂಗಳಕ್ಕೆ ಇಳಿಯುವ ಮಳೆನೀರು, ಕೊಟ್ಟಿಗೆಯಲ್ಲಿ ದನದ ಕೊರಳ ಗಂಟೆ, ತೋಡಿನ ಆಚೆ ಯಾರೋ ಯಾರನ್ನೋ ಕರೆಯುವ ಕೂಗು. ಯಾರೂ ಬೇಕೆಂದು ಹಿಡಿದದ್ದಲ್ಲ. ಬೇಕೆಂದು ಹಿಡಿಯಲು ಹೋಗಿದ್ದರೆ ಖಂಡಿತ ಸಿಗುತ್ತಿರಲಿಲ್ಲ.

ಅಜ್ಜಿಯ ಫೋಟೊ ತೆಗೆದದ್ದು ಒಂದು ಮಧ್ಯಾಹ್ನ. ಒಲೆಯ ಮುಂದಿನಿಂದ ಎಬ್ಬಿಸಿ ಕರೆತಂದು ಜಗಲಿಯ ಕುರ್ಚಿಯಲ್ಲಿ ಕೂರಿಸಿದ್ದರು. ಸೆರಗು ಸರಿಮಾಡಿಕೊಂಡು, ತುಟಿ ಬಿಗಿದು, ಕ್ಯಾಮೆರಾವನ್ನಲ್ಲ, ಅದನ್ನು ಹಿಡಿದ ಮಗನನ್ನು ನೋಡುತ್ತ ಕೂತಿದ್ದಾರೆ. ಮಾವ ಗುಂಡಿ ಒತ್ತಿದರು. ಒಂದು, ಎರಡು, ಮೂರು. ಅಜ್ಜಿಗೆ ತಡೆಯಲಾಗಲಿಲ್ಲ.

‘ಆಯ್ತಾ ಮಗಾ? ಒಲಿ ಮೇಲ್ ಹಾಲ್ ಇತ್ತ್.’

ಟೇಪಿನಲ್ಲಿ ಇದನ್ನು ನೋಡುವಾಗ ಪ್ರತಿ ಸಲವೂ ನನ್ನ ಮೈ ಜುಮ್ಮೆನ್ನುತ್ತಿತ್ತು. ಪರದೆಯ ಮೇಲೆ ಅಜ್ಜಿಯ ತುಟಿ ಮುಚ್ಚಿದೆ. ಒಂದು ಗೆರೆಯೂ ಅಲುಗುವುದಿಲ್ಲ. ಮುಚ್ಚಿದ ಆ ತುಟಿಯ ಹಿಂದಿನಿಂದ ಮಾತು ಬರುತ್ತದೆ, ಮಗನ ಮೇಲಿನ ಅಕ್ಕರೆ, ಹಾಲಿನ ಮೇಲಿನ ಗಮನ ಎರಡೂ ಒಟ್ಟಿಗೆ. ಸಿನಿಮಾದಲ್ಲಿ ಹೀಗಾಗುವುದಿಲ್ಲ, ಅಲ್ಲಿ ತುಟಿಯೂ ಆಡುತ್ತದೆ. ಫೋಟೊದಲ್ಲಿ ಮಾತೇ ಇಲ್ಲ. 2015ರಲ್ಲಿ ಐಫೋನಿಗೆ ಲೈವ್ ಫೋಟೊ ಬಂದಾಗ ನಾನು ಆಸೆಯಿಂದ ನೋಡಿದೆ. ಅದು ಗುಂಡಿ ಒತ್ತುವುದಕ್ಕೆ ಮುಂಚಿನ ಒಂದೂವರೆ ಸೆಕೆಂಡನ್ನೂ ಆಮೇಲಿನ ಒಂದೂವರೆ ಸೆಕೆಂಡನ್ನೂ ಹಿಡಿಯುತ್ತದೆ. ಅಲ್ಲಿ ಮುಖ ಅಲುಗುತ್ತದೆ, ಅದೊಂದು ಪುಟ್ಟ ವಿಡಿಯೊ. ಮುಖ ನಿಂತು, ಮನೆ ಮಾತ್ರ ಮುಂದೆ ಸಾಗುವ ಆ ವಿಚಿತ್ರ ಪಟ ಬೇರೆ ಯಾವುದರಲ್ಲೂ ನನಗೆ ಸಿಕ್ಕಿಲ್ಲ.

ಮಾವ ಹೋಗುವಾಗ ಕ್ಯಾಮೆರಾವನ್ನು ಮನೆಯಲ್ಲೇ ಬಿಟ್ಟರು. ಆ ವರ್ಷದ ಕೋಟೇಶ್ವರದ ಕೊಡಿ ಹಬ್ಬಕ್ಕೆ ಅದನ್ನು ಹೊತ್ತುಕೊಂಡು ಹೋದವನು ನಾನು. ಆ ಹಬ್ಬಕ್ಕೆ ಹೊಸದಾಗಿ ಮದುವೆಯಾದವರು ಬಂದು ಕಬ್ಬಿನ ಕೊಡಿ ಕೊಂಡು ಹೋಗುವುದು ನಮ್ಮ ಕಡೆಯ ವಾಡಿಕೆ. ಚಿಕ್ಕಮ್ಮ, ಚಿಕ್ಕಪ್ಪ ಕೊಡಿ ಹಿಡಿದು ರಥದ ಮುಂದೆ ನಡೆಯುವುದನ್ನು ವಿಡಿಯೊ ತೆಗೆದು, ಮನೆಗೆ ಬಂದ ಮೇಲೆ ಟೇಪನ್ನು ಒಂದು ಕಡೆ ನಿಲ್ಲಿಸಿ ಫೋಟೊ ಮಾಡಲು ನೋಡಿದೆ. ಮುಖಗಳು ಬಂದವು. ಗಾಳಿಗೆ ಅಲುಗುತ್ತಿದ್ದ ಕಬ್ಬಿನ ಗರಿಗಳು ಮಾತ್ರ ಬಾಚಣಿಗೆಯ ಹಲ್ಲಿನಂತೆ ಸೀಳಿಹೋಗಿದ್ದವು. ಆ ಕ್ಯಾಮೆರಾ ಒಂದು ಚಿತ್ರವನ್ನು ಒಂದೇ ಏಟಿಗೆ ಬರೆಯುತ್ತಿರಲಿಲ್ಲ. ಒಮ್ಮೆ ಬೆಸ ಸಾಲುಗಳು, ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದ ಮೇಲೆ ಸಮ ಸಾಲುಗಳು. ಅಷ್ಟರಲ್ಲಿ ಗರಿ ಅಲುಗಿದ್ದರೆ ಎರಡು ಕ್ಷಣದ ಎರಡು ಗರಿ ಒಂದರೊಳಗೊಂದು ಹೆಣೆದುಕೊಳ್ಳುತ್ತಿದ್ದವು. ಆಗ ಅದು ದೋಷವೆಂದು ಬೇಸರಪಟ್ಟಿದ್ದೆ. ಈಗ ಆ ಹಲ್ಲುಗಳನ್ನು ನೋಡಿದರೆ ಅಂದಿನ ಗಾಳಿಯೇ ಕಾಣುತ್ತದೆ.

ಅಜ್ಜಿ 2011ರಲ್ಲಿ ತೀರಿಕೊಂಡರು. ಉತ್ತರಕ್ರಿಯೆಗೆ ಪಟ ಬೇಕಿತ್ತು. ಮದುವೆ ವಿಡಿಯೊ ಮಾಡುವವರೊಬ್ಬರು ಕ್ಯಾಮೆರಾಕ್ಕೆ ಫೈರ್‌ವೈರ್ ತಂತಿ ಸಿಕ್ಕಿಸಿ, ಆ 175ರಲ್ಲಿ ಒಂದನ್ನು ಕಂಪ್ಯೂಟರಿಗೆ ಇಳಿಸಿ ದೊಡ್ಡದು ಮಾಡಿ ಕೊಟ್ಟರು. ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿ, ಒಟ್ಟು ನಾಲ್ಕು ಲಕ್ಷ ಚಿಲ್ಲರೆ. ಅಷ್ಟು ದೊಡ್ಡ ಚೌಕಟ್ಟಿಗೆ ಅವು ಸಾಲಲಿಲ್ಲ, ಅದಕ್ಕೇ ಅಂಚು ಒಡೆದದ್ದು. ಧ್ವನಿಯನ್ನೂ ಇಳಿಸಿಕೊಡಿ ಎಂದು ಕೇಳಬೇಕೆನ್ನುವುದು ಆ ದುಃಖದಲ್ಲಿ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಪಟಕ್ಕೆ ಧ್ವನಿ ಇರುತ್ತದೆ ಎಂದು ಯಾರು ತಾನೇ ನೆನೆಯುತ್ತಾರೆ?

ಈಗ ಆ ಕ್ಯಾಮೆರಾ ಕೆಟ್ಟಿದೆ. ಟೇಪನ್ನು ಎಳೆದುಕೊಳ್ಳುವ ರಬ್ಬರು ಗಟ್ಟಿಯಾಗಿ ಜಾರುತ್ತದೆ. ಟೇಪನ್ನು ಓದುವ ಡ್ರಮ್ಮು ನಿಮಿಷಕ್ಕೆ 9,000 ಸುತ್ತು ತಿರುಗಬೇಕು. ಗಾಳಿಯ ಪಸೆಗೆ ಅದರ ಹೆಡ್ಡು ಸವೆದಿದೆ. ರಿಪೇರಿ ಮಾಡುವವರು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಬಿಡಿಭಾಗ ಸಿಗುವುದಿಲ್ಲ ಎಂದು ಮರಳಿಸಿದರು. ನನ್ನ ಲ್ಯಾಪ್‌ಟಾಪಿನಲ್ಲಿ ಫೈರ್‌ವೈರಿನ ಕಿಂಡಿಯೇ ಇಲ್ಲ. 1995ರಲ್ಲಿ ಮಾರುಕಟ್ಟೆಗೆ ಬಂದಿದ್ದ ಈ ಕ್ಯಾಸೆಟ್ಟುಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ನಮ್ಮ ಕ್ಯಾಸೆಟ್ಟಿನ ಬೆನ್ನಿನಲ್ಲಿ ಒಂದು ಪುಟ್ಟ ಸರಿಯುವ ತುಂಡಿದೆ. ಅದನ್ನು ಸರಿಸಿಟ್ಟರೆ ಒಳಗಿರುವುದರ ಮೇಲೆ ಬೇರೇನನ್ನೂ ಬರೆಯಲಾಗದು. ಅಜ್ಜಿಯ ಟೇಪಿಗೆ ಅದನ್ನು ಎಂದೋ ಸರಿಸಿಟ್ಟಿದ್ದೇನೆ. ಅಳಿಸುವವರಿಂದ ಅದು ಕಾಪಾಡುತ್ತದೆ. ಬೂಸ್ಟಿನಿಂದ ಕಾಪಾಡುವುದಿಲ್ಲ. ಎಲ್ಲಾದರೂ ಓಡುವ ಕ್ಯಾಮೆರಾವೊಂದು ಸಿಕ್ಕೀತೆಂದು ಇನ್ನೂ ಹುಡುಕುತ್ತಿದ್ದೇನೆ.

ಆ ಕ್ಯಾಮೆರಾ ಕೊನೆಯ ಸಲ ಓಡಿದ ದಿನವೂ ಮಳೆಯಿತ್ತು. ಹಳದಿ, ಬಿಳಿ, ಕೆಂಪು ಪಿನ್ನುಗಳನ್ನು ಟಿವಿಗೆ ಸಿಕ್ಕಿಸಿ ಒಬ್ಬನೇ ನೋಡುತ್ತಿದ್ದೆ. ಅಮ್ಮ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ನಾನು ಏನು ಹಾಕಿದ್ದೇನೆಂದು ಅವರಿಗೆ ಹೇಳಿರಲಿಲ್ಲ. ಟಿವಿಯಲ್ಲಿ ಮೂರು ಎಣಿಸುವಷ್ಟು ಹೊತ್ತು ಬರೀ ಮಳೆಯ ಸದ್ದು. ಆಮೇಲೆ ಅಜ್ಜಿಯ ಮಾತು.

ಅಮ್ಮ ಈಳಿಗೆಯ ಮಣೆ ಬಿಟ್ಟು ಎದ್ದು, ‘ಹ್ಞಾಂ, ನೋಡ್ತೆ’ ಎಂದು ಒಲೆಯ ಕಡೆಗೆ ಹೋದರು.