ಸರಳ ರೇಖೆಯೂ ನಮ್ಮ ಸೀಮೆಯ ಲೆಕ್ಕವೂ

ಕಲಾ ವಿಭಾಗಕ್ಕೆ ಬಂದವರಲ್ಲಿ ಹಲವರು ಬೀಜಗಣಿತಕ್ಕೆ ದೂರದಿಂದಲೇ ಕೈಮುಗಿದು ಬಂದವರು. ಹತ್ತನೆಯ ತರಗತಿಯೊಡನೆ ಆ ಋಣ ತೀರಿತೆಂದು ನಾವು ಎಣಿಸಿರುತ್ತೇವೆ. ಆದರೆ ಅರ್ಥಶಾಸ್ತ್ರದ ತರಗತಿಯಲ್ಲಿ ಬೇಡಿಕೆ, ಪೂರೈಕೆಗಳ ಗೆರೆಯಾಗಿ ಅದು ಮತ್ತೆ ಎದುರು ನಿಲ್ಲುತ್ತದೆ. ‘ವೈ = ಎಮ್ ಎಕ್ಸ್ + ಸಿ’ ಎಂಬ ಸರಳ ರೇಖೆಯ ಸಮೀಕರಣವನ್ನು ನಾನು ಬಾಯಿಪಾಠ ಮಾಡಿದ್ದು ಶಾಲೆಯಲ್ಲಿ; ಅದರ ಅರ್ಥ ತಿಳಿದದ್ದು ನಿಪ್ಪಾಣಿಯಲ್ಲಿ, ಬೀಡಿ ಕಟ್ಟುವ ನನ್ನ ಅತ್ತೆಯ ಮನೆಯಲ್ಲಿ.

ಬೀಡಿಯ ಕೂಲಿ ಸಾವಿರದ ಲೆಕ್ಕದಲ್ಲಿ ಸಿಗುತ್ತದೆ. ಸಾವಿರಕ್ಕೆ 200 ರೂಪಾಯಿ ಎಂದಿಟ್ಟುಕೊಳ್ಳೋಣ. ಎಕ್ಸ್ ಎಂದರೆ ಕಟ್ಟಿದ ಸಾವಿರಗಳು. ವೈ ಎಂದರೆ ಬಂದ ಹಣ. ಎಮ್ ಎಂದರೆ ಆ 200. ಒಂದು ಬೀಡಿಯನ್ನೂ ಕಟ್ಟದಿದ್ದರೆ ಹಣವೂ ಇಲ್ಲ. ಆದುದರಿಂದ ಸಿ ಸೊನ್ನೆ, ಗೆರೆ ಮೂಲಬಿಂದುವಿನಿಂದಲೇ ಹೊರಡುತ್ತದೆ. ಎಮ್ ಹೆಚ್ಚಿದಷ್ಟೂ ಗೆರೆಯ ಏರು ಕಡಿದಾಗುತ್ತದೆ.

ಈಗ ಮಗಳ ಮದುವೆಗೆಂದು 6,000 ರೂಪಾಯಿ ಮುಂಗಡ ಪಡೆದರೆನ್ನಿ. ಗೆರೆಯ ಏರು ಮೊದಲಿನಷ್ಟೇ. ಆದರೆ ಹೊರಡುವ ಸ್ಥಾನ ಸೊನ್ನೆಗಿಂತ 6,000 ಕೆಳಗೆ ಇಳಿಯಿತು. 30 ಸಾವಿರ ಬೀಡಿ ಕಟ್ಟಿದಾಗ ಅದು ಸೊನ್ನೆಯ ಗೆರೆಯನ್ನು ಮುಟ್ಟುತ್ತದೆ. ದಿನಕ್ಕೆ 600ರಂತೆ ಕಟ್ಟಿದರೆ 50 ದಿನ. ಆದರೆ ಆ 50 ದಿನ ಒಲೆ ಹೊತ್ತಿಸದೆ ಇರಲಾದೀತೆ? ಕೂಲಿಯ ಅರ್ಧವನ್ನು ಮಾತ್ರ ಮುರಿದುಕೊಂಡರೆ ಸಾಲ ತೀರುವ ಗೆರೆಯ ಏರು ಅರ್ಧವಾಗಿ, ದಿನಗಳು 100 ಆಗುತ್ತವೆ. “ಎಷ್ಟ ಕಟ್ಟಿದರೂ ಕೈಯಾಗ ಏನೂ ನಿಲ್ಲೂದಿಲ್ಲೋ ತಮ್ಮಾ” ಎಂದು ಅತ್ತೆ ಹೇಳುತ್ತಿದ್ದುದು ಋಣಚಿಹ್ನೆಯುಳ್ಳ ಸಿ ಎಂಬುದರ ವಿವರಣೆಯೇ ಎಂದು ನನಗೆ ಹೊಳೆದದ್ದು ಆಗ.

ಇದೇ ನಿಪ್ಪಾಣಿಯಲ್ಲಿ 1981ರಲ್ಲಿ ತಂಬಾಕು ಬೆಳೆಗಾರರು ಶರದ ಜೋಶಿಯವರ ಮುಂದಾಳುತನದಲ್ಲಿ ಹೆದ್ದಾರಿಯ ಮೇಲೆ ಕುಳಿತು ನ್ಯಾಯವಾದ ಬೆಲೆ ಕೇಳಿದರು. ಎಕ್ಸನ್ನು, ಎಂದರೆ ಬೆಳೆಯನ್ನು, ಹೆಚ್ಚಿಸುವುದು ರೈತನ ಬೆವರಿನ ಕೆಲಸ. ಅವರು ಕೇಳಿದ್ದು ಎಮ್ ಬದಲಾಗಲೆಂದು.

ಅಥಣಿ, ಕಾಗವಾಡ, ರಾಯಬಾಗಗಳ ಕಡೆಗೆ ಬಂದರೆ ಕಬ್ಬಿನ ಲೆಕ್ಕ. ತುಂಬಿದ ಟ್ರ್ಯಾಕ್ಟರನ್ನು ಕಾಟಾದ ಮೇಲೆ ತೂಗಿ, ಕಬ್ಬು ಇಳಿಸಿದ ಮೇಲೆ ಬರಿಯ ಗಾಡಿಯನ್ನು ತೂಗಿ, ಒಂದರಲ್ಲಿ ಇನ್ನೊಂದನ್ನು ಕಳೆಯುತ್ತಾರೆ. ಕಾಟಾ ತೋರಿಸುವ ತೂಕವನ್ನು ಸ್ಥೂಲವಾಗಿ ನಿಜವಾದ ತೂಕದ ಸರಳ ರೇಖೆಯೆಂದೇ ಎಣಿಸಬಹುದು. ಸರಿಯಾದ ಕಾಟಾದಲ್ಲಿ ಎಮ್ ಒಂದು, ಸಿ ಸೊನ್ನೆ. ಬರಿಯ ಕಾಟಾ ಸೊನ್ನೆ ತೋರಿಸಿದರೆ ನಾವು ಸಮಾಧಾನಪಡುತ್ತೇವೆ. ವಿಚಾರ ಮಾಡಿದರೆ, ಸಿಯ ದೋಷ ನಮಗೆ ಅಷ್ಟು ಹಾನಿ ಮಾಡುವುದಿಲ್ಲ. ಎರಡು ತೂಕಗಳಲ್ಲಿಯೂ ಅದು ಸಮವಾಗಿ ಸೇರಿರುವುದರಿಂದ ಕಳೆಯುವಾಗ ಅಳಿದುಹೋಗುತ್ತದೆ. ಹಾನಿ ಇರುವುದು ಎಮ್‌ನಲ್ಲಿ. ಅದು 0.98 ಆಗಿದ್ದರೆ 20 ಟನ್ನು 19.6 ಎಂದೂ, 5 ಟನ್ನಿನ ಬರಿಯ ಗಾಡಿ 4.9 ಎಂದೂ ತೋರುವುದು; 15 ಟನ್ ಕಬ್ಬಿಗೆ 14.7ರ ಹಣ ದೊರೆಯುವುದು. ಮುನ್ನೂರು ಕಿಲೋ ಕಬ್ಬು ಸದ್ದಿಲ್ಲದೆ ಮಾಯ! ಸೊನ್ನೆಯನ್ನು ನೋಡಿ ಇದನ್ನು ಹಿಡಿಯಲಾಗದು. ರೇಖೆಯೊಂದನ್ನು ನಿಶ್ಚಯಿಸಲು ಎರಡು ಬಿಂದುಗಳು ಬೇಕು. ಬರಿಯ ಕಾಟಾ ಒಂದು ಬಿಂದು. ಗೊತ್ತಿರುವ ಭಾರವನ್ನಿಟ್ಟು ನೋಡುವುದು ಇನ್ನೊಂದು. ಕಾನೂನು ಮಾಪನ ಇಲಾಖೆಯವರು ಮುದ್ರೆಯ ಕಲ್ಲುಗಳನ್ನಿಟ್ಟು ಪರೀಕ್ಷಿಸುವುದರ ಮರ್ಮ ಇದೇ.

ಗೆರೆಗೂ ಸಮೀಕರಣಕ್ಕೂ ಗಂಟು ಹಾಕಿದ ಕೀರ್ತಿಯ ಬಹುಪಾಲು ಫ್ರಾನ್ಸಿನ ದೆಕಾರ್ತನಿಗೆ ಸಲ್ಲುತ್ತದೆ. ಆತನ ‘ಜ್ಯಾಮಿತಿ’ ಪ್ರಕಟವಾದದ್ದು 1637ರಲ್ಲಿ. ಅಜ್ಞಾತ ಸಂಖ್ಯೆಗೆ ಹೆಸರಿಟ್ಟು ಲೆಕ್ಕ ಮಾಡುವ ರೂಢಿ ನಮ್ಮಲ್ಲಿ ಅದಕ್ಕಿಂತ ಬಹಳ ಹಳೆಯದು. ಎಕ್ಸ್ ಎನ್ನುವ ಕಡೆ ನಮ್ಮವರು ‘ಯಾವತ್ತಾವತ್’, ಎಂದರೆ ‘ಎಷ್ಟೋ ಅಷ್ಟು’, ಎಂದರು. ನೃಪತುಂಗನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವು ಒಂಬತ್ತನೆಯ ಶತಮಾನದಲ್ಲಿ, ಕನ್ನಡ ನಾಡಿನ ಅರಸರ ಆಶ್ರಯದಲ್ಲಿಯೇ ಹುಟ್ಟಿದ ಗ್ರಂಥ. ಆದಕಾರಣ ಬೀಜಗಣಿತವನ್ನು ಪರದೇಶದ ಸರಕೆಂದು ದೂರವಿಡಲು ನಮಗೆ ಕಾರಣವಿಲ್ಲ.

ಬದುಕೆಲ್ಲವೂ ಸರಳ ರೇಖೆಯಲ್ಲ, ನಿಜ. ಮಳೆ, ಮಾರುಕಟ್ಟೆ, ಕೃಷ್ಣೆಯ ಪ್ರವಾಹ ಇವು ಯಾವ ಅಳತೆಪಟ್ಟಿಗೂ ಬಗ್ಗುವುದಿಲ್ಲ. ಆದರೂ ಕೂಲಿಯ ಚೀಟಿ, ಸಾಲದ ವಹಿ, ಕಾಟಾದ ಪಾವತಿ ಯಾವುದೇ ಕೈಗೆ ಬಂದಾಗ ಎರಡು ಪ್ರಶ್ನೆಗಳನ್ನು ಕೇಳಬಹುದು: ಇದು ಎಲ್ಲಿಂದ ಹೊರಟಿದೆ? ಪ್ರತಿ ಹೆಜ್ಜೆಗೆ ಎಷ್ಟು ಏರುತ್ತದೆ? ಓದುಬರಹ ಬಲ್ಲ ನಾವು ನಮ್ಮ ಮನೆಯವರ ಪರವಾಗಿ ಇಷ್ಟನ್ನಾದರೂ ಕೇಳಲು ಕಲಿತರೆ, ಕಪ್ಪು ಹಲಗೆಯ ಮೇಲಿನ ಆ ಗೆರೆ ಸಾರ್ಥಕವಾದೀತು.